ಇತರೆ ತೇಲುವ ವಸ್ತು

ಜೂನ್ 9, ಸೋಮವಾರ

ಇವತ್ತು ಇಡೀ ದಿನ ಒಂದೇ ಪ್ರಾಣಿ ಸಾಯುವುದನ್ನು ನೋಡಿದೆ. ಸೀಲ್ ಅನ್ನುತ್ತಾರೆ ಅದಕ್ಕೆ. ಮೀಸೆಯಿರುವ ನಾಯಿಯಂಥ ಮುಖ, ಗುಂಡಗಿನ ಕಣ್ಣು, ಕಾಲಿರಬೇಕಾದ ಜಾಗದಲ್ಲಿ ಈಜುವ ರೆಕ್ಕೆ. ಐದು ಓರ್ಕಾ ತಿಮಿಂಗಿಲಗಳು ಅದನ್ನು ನಡುವೆ ಹಾಕಿಕೊಂಡು ಬಾಲದಿಂದ ಮೇಲಕ್ಕೆ ಎಸೆದು ಎಸೆದು ಕೊಂದವು. ಅಲ್ಲಿ ಅದು ಎರಡು ನಿಮಿಷದ ಕೆಲಸ. ನಮಗೆ ಬರುವುದು ಸೆಕೆಂಡಿಗೆ ಐದರಂತೆ ಆರುನೂರು ಚಿತ್ರ. ಒಂದೊಂದರಲ್ಲೂ ಸೀಲ್ ಸುತ್ತ ಒಂದು ಚೌಕ, ನೀರಿನ ಮೇಲೆ ಕಾಣುವ ಪ್ರತಿ ತಿಮಿಂಗಿಲದ ಬೆನ್ನುರೆಕ್ಕೆಯ ಸುತ್ತ ಒಂದು ಚೌಕ ಎಳೆಯಬೇಕು. ಸತ್ತ ಮೇಲೂ ಅದನ್ನು ಸೀಲ್ ಅಂತಲೇ ಗುರುತಿಸಬೇಕು. ಮಧ್ಯಾಹ್ನದ ರೊಟ್ಟಿಯನ್ನು ಹಾಗೇ ಮನೆಗೆ ವಾಪಸು ತಂದೆ.

ಕೆಲಸಕ್ಕೆ ಸೇರಿ ಎರಡು ವಾರವಾಯಿತು. ಹಳೇ ಮದ್ರಾಸ್ ರಸ್ತೆಯಲ್ಲಿ ಟೈಲ್ಸ್ ಅಂಗಡಿಯ ಮೇಲಿನ ಮೂರನೇ ಮಹಡಿ. ಒಳಗೆ ಹೋಗುವಾಗ ಫೋನು, ಪೆನ್ನು, ಕಾಗದ ಎಲ್ಲವನ್ನೂ ಲಾಕರಿನಲ್ಲಿ ಇಡಬೇಕು. ಉತ್ತರದ ಯಾವುದೋ ಚಳಿ ದೇಶದಲ್ಲಿ ಬೇಸಿಗೆ ಬಂದರೆ ಜನ ದೋಣಿ ಹತ್ತಿ ತಿಮಿಂಗಿಲ ನೋಡಲು ಹೋಗುತ್ತಾರಂತೆ. ದೋಣಿಗಳ ಮೇಲೆ ಕ್ಯಾಮೆರಾ ಇರುತ್ತವೆ. ಆ ವಿಡಿಯೋಗಳು ನಮ್ಮಲ್ಲಿಗೆ ಬರುತ್ತವೆ. ನಾವು ಎಳೆದ ಚೌಕಗಳನ್ನು ನೋಡಿ ನೋಡಿ ಕಂಪ್ಯೂಟರು ಒಂದೊಂದು ತಿಮಿಂಗಿಲವನ್ನೂ ಗುರುತು ಹಿಡಿಯಲು ಕಲಿಯುತ್ತದಂತೆ. ಬೇಸಿಗೆ ಅನ್ನುತ್ತಾರೆ, ಎಲ್ಲರೂ ಸ್ವೆಟರಿನ ಮೇಲೆ ರೈನ್‌ಕೋಟು ಹಾಕಿರುತ್ತಾರೆ. ಲಿಂಗಸುಗೂರಿನ ಬೇಸಿಗೆ ಇವರಿಗೆ ಒಂದು ದಿನ ತೋರಿಸಬೇಕು.

ನಾನು ಸಮುದ್ರ ಕಂಡವಳಲ್ಲ. ಕಂಡ ದೊಡ್ಡ ನೀರೆಂದರೆ ಕೃಷ್ಣಾ ಹೊಳೆ, ಅದನ್ನೂ ಬಸ್ಸಿನ ಕಿಟಕಿಯಿಂದ. ಈಗ ದಿನಕ್ಕೆ ಒಂಬತ್ತು ತಾಸು ಬರೀ ನೀರು ನೋಡುತ್ತೇನೆ. ಬಣ್ಣವೂ ನಮ್ಮ ನೀರಿನದಲ್ಲ, ಸೀಸದ ಬಣ್ಣ.

ಸೇರುವಾಗ ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಇಲ್ಲಿ ಕಂಡದ್ದನ್ನು ಹೊರಗೆ ಯಾರಿಗೂ ಹೇಳಬಾರದು, ಹೇಳಿದರೆ ಕೇಸು. ಹೇಳುವುದಕ್ಕೆ ಹೆದರಿಕೆ. ಹೇಳದೆ ಇದ್ದರೆ ಆ ಸೀಲಿನ ಕಣ್ಣು ಹೋಗುವುದಿಲ್ಲ. ಹಾಗಾಗಿ ಸಂತೆಯಲ್ಲಿ ಈ ನೋಟ್‌ಬುಕ್ ಕೊಂಡೆ. ಬರೆಯುವುದೂ ತಪ್ಪೋ ಏನೋ.

ಜೂನ್ 12, ಗುರುವಾರ

ಪಕ್ಕದ ಕುರ್ಚಿಯ ಭವ್ಯ ಹಲಸೂರಿನ ಹುಡುಗಿ. ಮನೆಯಲ್ಲಿ ತಮಿಳು, ನನ್ನೊಡನೆ ಕನ್ನಡ, ಕಂಪ್ಯೂಟರಿಗೆ ಬಯ್ಯುವಾಗ ಇಂಗ್ಲಿಷು. ಇಲ್ಲಿ ಯಾರಿಗೂ ಜಟ್ಟೆಮ್ಮ ಅನ್ನಲು ಬಾಯಿ ತಿರುಗುವುದಿಲ್ಲ. ನಮ್ಮ ಮೇಲಿನವರಾದ ಕಿರಣಕುಮಾರ್ ಸರ್ 'ಜೆಟ್ಟಿ' ಮಾಡಿದ್ದಾರೆ. ಜೆಟ್ಟಿ ಅಂದರೆ ದೋಣಿ ನಿಲ್ಲುವ ಕಟ್ಟೆಯಂತೆ, ಭವ್ಯ ಹೇಳಿ ನಕ್ಕಳು.

ಓರ್ಕಾದ ಕಣ್ಣಿನ ಹತ್ತಿರ ದೊಡ್ಡ ಬಿಳಿ ಮಚ್ಚೆ ಇರುತ್ತದೆ. ಅದೇ ಕಣ್ಣು ಅಂದುಕೊಂಡಿದ್ದೆ. ನಿಜವಾದ ಕಣ್ಣು ಅದರ ಮುಂದೆ, ಕಪ್ಪಿನೊಳಗೆ ಅಡಗಿರುತ್ತದೆ ಎಂದು ಭವ್ಯ ತೋರಿಸಿದಳು. ಅಂದರೆ ಇಷ್ಟು ದಿನ ಅವು ನೋಡುತ್ತಿದ್ದದ್ದು ನನಗೆ ತಿಳಿದೇ ಇರಲಿಲ್ಲ. ಒಂದು ಮರಿಗೆ ಅವಳು ಗುಂಡ ಎಂದು ಹೆಸರಿಟ್ಟಿದ್ದಾಳೆ. ಅದರ ಬಿಳುಪು ಇನ್ನೂ ಕಿತ್ತಳೆ ಬಣ್ಣಕ್ಕಿದೆ. ಬಂಡೆಯ ಮೇಲೆ ಸೀಲುಗಳು ಮಲಗಿದ್ದರೆ, ಹದ್ದು ಮೀನು ಹಿಡಿದರೆ ಅವಳಿಗೆ ಖುಷಿ. ನನಗೆ ಎಲ್ಲದರ ಹಿಂದೆಯೂ ಏನೋ ಬರುತ್ತಿದೆ ಅನ್ನಿಸುತ್ತದೆ.

ನನ್ನ ಗಂಡನ ಹೆಸರು ದುರ್ಗೇಶ. ಬಾಯಿಬಿಟ್ಟು ಕರೆಯುವುದಿಲ್ಲ, ಬರೆದರೆ ಪರವಾಗಿಲ್ಲ. ಇಂದಿರಾನಗರದ ನೂರಡಿ ರಸ್ತೆಯ ಹಿಂದೆ ಹಳೇ ಬಂಗಲೆ ಕೆಡವಿ ಏಳಂತಸ್ತು ಎಬ್ಬಿಸುತ್ತಿದ್ದಾರೆ, ಅಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ. ಏಳು ಗಂಟೆಗೆ ಮನೆಗೆ ಬರದಿದ್ದರೆ ನಾನು ಗಲ್ಲಿಯ ತುದಿಗೆ ಹೋಗಿ ನಿಲ್ಲುತ್ತೇನೆ.

ಜೂನ್ 18, ಬುಧವಾರ

ಬರೆಯಬೇಕು. ಅಕ್ಷರ ಸೊಟ್ಟಗಾದರೂ ಬರೆಯಬೇಕು.

ಬೆಳಗ್ಗೆ ಬಂದ ವಿಡಿಯೋದಲ್ಲಿ ಕ್ಯಾಮೆರಾ ದೋಣಿಯ ಮೇಲ್ಛಾವಣಿಯ ಮೇಲಿತ್ತು. ಇಡೀ ಹಿಂಭಾಗ ಕಾಣುತ್ತದೆ. ಬಲಗಡೆ ಆರು ಓರ್ಕಾಗಳು ಸಾಲಾಗಿ ಎದ್ದವು. ಎಲ್ಲರೂ ಬಲಗಡೆಗೆ ಓಡಿದರು. ಎಲ್ಲರ ಬೆನ್ನು ನನಗೆ. ಒಬ್ಬರು ಮಾತ್ರ ಎಡಗಡೆಯ ಮೂಲೆಯಲ್ಲಿ ಉಳಿದರು. ಹಳದಿ ರೈನ್‌ಕೋಟು, ನರೆತ ತಲೆ, ಕೊರಳಲ್ಲಿ ದುರ್ಬೀನು. ಆ ಕಡೆ ನೀರಿನಲ್ಲಿ ಗುಂಡ ಒಂದೇ ಎದ್ದಿತ್ತು. ಮರಿಯನ್ನು ಕಂಡದ್ದು ಅವರೊಬ್ಬರೇ. ನೋಡಲು ಕಂಬಿಗೆ ಒರಗಿ ಬಗ್ಗಿದರು. ಜನ ಹತ್ತಿ ಇಳಿಯಲು ಕಂಬಿಯಲ್ಲಿ ಒಂದು ಸಣ್ಣ ಗೇಟು ಇರುತ್ತದೆ. ಅವರು ಒರಗಿದ್ದು ಅದಕ್ಕೆ. ಅದು ಹೊರಕ್ಕೆ ತೆರೆದುಕೊಂಡಿತು.

ಏಳು ಚಿತ್ರ. ಮೊದಲನೆಯದರಲ್ಲಿ ಭುಜ ವಾಲಿದೆ. ಮೂರನೆಯದರಲ್ಲಿ ಕಾಲು ಹಲಗೆಯ ಮೇಲಿಲ್ಲ. ನಾಲ್ಕನೆಯದರಲ್ಲಿ ಕೈ ಹಿಂದಕ್ಕೆ ಬಂದು ಕಂಬಿಯನ್ನು ಹುಡುಕಿದೆ, ಸಿಕ್ಕಿಲ್ಲ. ಆರನೆಯದರಲ್ಲಿ ಇನ್ನೊಮ್ಮೆ ಬಂದಿದೆ. ಏಳನೆಯದರಲ್ಲಿ ಬರೀ ಗೇಟು.

ಆಮೇಲೆ ದೋಣಿಯ ಹಿಂದಿನ ನೊರೆಯಲ್ಲಿ ಹಳದಿ ಚುಕ್ಕೆ. ದೋಣಿ ಮುಂದೆ ಹೋಗುತ್ತಲೇ ಇದೆ. ಯಾರೂ ತಿರುಗಿಲ್ಲ. ನಲವತ್ತು ಚಿತ್ರಗಳವರೆಗೆ ಚುಕ್ಕೆ ಇದೆ. ನಂತರ ವಿಡಿಯೋ ಮುಗಿಯುತ್ತದೆ.

ಚುಕ್ಕೆಯ ಸುತ್ತ ಚೌಕ ಎಳೆದು 'ಮನುಷ್ಯ' ಎಂದು ಗುರುತಿಸಿದೆ. ಅರ್ಧ ಗಂಟೆಗೆ ತಪ್ಪು ಎಂದು ವಾಪಸು ಬಂತು. ಕಿರಣಕುಮಾರ್ ಸರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

"ಜೆಟ್ಟಿ, ನೀರಲ್ಲಿ ಮನುಷ್ಯ ಎಲ್ಲಿಂದ ಬಂದ? ಅದು ಮೀನುಗಾರರು ಬಲೆ ಗುರುತಿಗೆ ಬಿಡೋ ತೇಲುಬುರುಡೆ ಕಣ್ರೀ. ಹಳದಿ ಬುರುಡೆ ಎಲ್ಲಾ ಕಡೆ ಇರುತ್ತೆ."

ಹಿಂದಿನ ಚಿತ್ರ ನೋಡಿ ಸರ್ ಎಂದೆ. ಅವರು ಗಡಿಯಾರ ನೋಡಿದರು. ಸಂಜೆಯೊಳಗೆ ಎಲ್ಲ ಕಳಿಸಬೇಕು, 'ಇತರೆ ತೇಲುವ ವಸ್ತು' ಅಂತ ಬದಲಾಯಿಸಿ ಎಂದರು.

ಬದಲಾಯಿಸಿದೆ. ನಲವತ್ತು ಚಿತ್ರ. ಒಂದೊಂದಕ್ಕೂ ನಾನೇ ಒತ್ತಿದೆ.

ಜೂನ್ 19, ಗುರುವಾರ

ನಿದ್ದೆ ಬರಲಿಲ್ಲ. ಆ ವಿಡಿಯೋ ಯಾವತ್ತಿನದು? ತಾರೀಖು ಇಲ್ಲ. ಈ ವಾರದ್ದಾದರೆ? ಇವತ್ತೂ ಅವರು ನೀರಿನಲ್ಲಿದ್ದರೆ?

ಜೂನ್ 21, ಶನಿವಾರ

ಸಹಿ ಮಾಡಿದ ಕಾಗದವನ್ನು ಮರೆತು ಇವರಿಗೆ ಹೇಳಿಬಿಟ್ಟೆ. ಊಟಕ್ಕೆ ಕೂತಿದ್ದರು. ಎಲ್ಲ ಕೇಳಿ, ತಟ್ಟೆಯಲ್ಲಿ ಕೈ ನಿಲ್ಲಿಸಿ, ಗೋಡೆ ನೋಡಿಕೊಂಡು ಹೇಳಿದರು: "ನೀ ನೋಡಿಲ್ಲ ಅಂದ್ಕೊ. ನೋಡೀನಿ ಅಂದ್ರ ಕೆಲಸಾನೂ ಹೋಗ್ತದ, ಮ್ಯಾಲ ಕೇಸೂ ಆಗ್ತದ."

ಬಯ್ದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ ಹಾಗೆ ಹೇಳಿದರು. ಅರ್ಧ ರೊಟ್ಟಿ ಬಿಟ್ಟು ಎದ್ದು ಹೋದರು.

ಜೂನ್ 24, ಮಂಗಳವಾರ

ಮೆಟ್ಟಿಲ ಮೇಲೆ ಭವ್ಯಳಿಗೆ ಹೇಳಿದೆ. ಅವಳು ನಂಬಲಿಲ್ಲ. ವಾಪಸು ಹೋಗಿ ಆ ಏಳು ಚಿತ್ರಗಳನ್ನು ತೆರೆದು ನೋಡಿದಳು. ಹೊರಡುವಾಗ ಮೆಲ್ಲಗೆ ಹೇಳಿದಳು, ಅದೇ ದೋಣಿಯ ಬೇರೆ ವಿಡಿಯೋಗಳು ನಮಗೆ ಹಿಂದೆ ಬಂದ ಹಳೆಯ ಕಂತಿನಲ್ಲಿ ಇರಬಹುದು, ಹತ್ತುವಾಗ ಎಷ್ಟು ಜನ, ಇಳಿಯುವಾಗ ಎಷ್ಟು ಜನ ನೋಡೋಣ ಅಂತ.

ಜೂನ್ 27, ಶುಕ್ರವಾರ

ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು.

ಹತ್ತುವಾಗಿನ ವಿಡಿಯೋದಲ್ಲಿ ಇಪ್ಪತ್ತಮೂರು ಜನ. ಚಿತ್ರದಲ್ಲಿ ಕಾಣುವ ಮನುಷ್ಯರ ಸುತ್ತಲೂ ಚೌಕ ಎಳೆಯುವುದು ನಮ್ಮ ಕೆಲಸ, ಎಣಿಕೆ ತಪ್ಪುವುದಿಲ್ಲ. ಹಳದಿ ರೈನ್‌ಕೋಟಿನವರು ಕೊನೆಯಲ್ಲಿ ಹತ್ತುತ್ತಾರೆ. ಟಿಕೆಟ್ ನೋಡುವ ಹುಡುಗಿಗೆ ಏನೋ ಹೇಳಿ ನಗಿಸುತ್ತಾರೆ. ಅವರ ಮುಖ ಇವತ್ತೇ ನೋಡಿದ್ದು. ನಮ್ಮೂರ ಹೈಸ್ಕೂಲಿನ ಗಂಟೆ ಬಾರಿಸುವ ಮಾಮಾನ ಹಾಗಿದ್ದಾರೆ.

ಇಳಿಯುವಾಗ ಇಪ್ಪತ್ತೆರಡು. ನಾಲ್ಕು ಸಲ ಎಣಿಸಿದೆ. ಅದೇ ಹುಡುಗಿ ಕೈಬೆರಳು ಮಡಿಸಿ ಎಣಿಸುತ್ತಾಳೆ, ಇನ್ನೊಮ್ಮೆ ಎಣಿಸುತ್ತಾಳೆ, ಬೆಂಚಿನ ಕೆಳಗೆ ಬಗ್ಗಿ ನೋಡುತ್ತಾಳೆ, ಆಮೇಲೆ ಓಡುತ್ತಾಳೆ. ಬೆಂಚಿನ ಮೇಲೆ ಒಂದು ಚೀಲ ಉಳಿದಿದೆ. ಧ್ವನಿ ಇಲ್ಲದ ವಿಡಿಯೋ. ಅವಳು ಕೂಗಿದ್ದು ನನಗೆ ಕೇಳಿದ ಹಾಗಾಯಿತು.

ಜೂನ್ 29, ಭಾನುವಾರ

ಮೆಟ್ರೋ ಹತ್ತಿ ಹಲಸೂರಿಗೆ ಹೋದೆ. ಕೆರೆಯ ದಂಡೆಯ ಬೆಂಚಿನಲ್ಲಿ ಭವ್ಯಳೂ ನಾನೂ ಕೂತೆವು. ದೋಣಿಯ ಹೆಸರು ಅದರ ಮೈಮೇಲೇ ಬರೆದಿತ್ತು, ಅವಳು ನೆನಪಿಟ್ಟುಕೊಂಡು ಬಂದಿದ್ದಳು. ಅದನ್ನು ಇಲ್ಲಿ ಬರೆಯಲು ನನಗೆ ಧೈರ್ಯವಿಲ್ಲ. ಫೋನಿನಲ್ಲಿ ಹುಡುಕಿದಳು.

ಆ ಊರಿನ ಸಣ್ಣ ಪತ್ರಿಕೆಯಲ್ಲಿ ಹೋದ ವರ್ಷದ ಆಗಸ್ಟಿನ ಸುದ್ದಿ ಇತ್ತು. ಅರವತ್ತಮೂರು ವರ್ಷದವರು, ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಒಬ್ಬರೇ ತಿಮಿಂಗಿಲ ನೋಡಲು ಹೋಗಿದ್ದರು. ಎರಡು ದಿನ ಹುಡುಕಿ ಬಿಟ್ಟರು. ಅದೇ ವರ್ಷ ಅವರ ಹೆಂಡತಿ ತೀರಿಕೊಂಡಿದ್ದರಂತೆ. ಗೇಟು ಭದ್ರವಾಗಿ ಹಾಕಿತ್ತು ಎಂದು ದೋಣಿಯವರು ಹೇಳಿದ್ದಾರೆ. ಹಾಗಾಗಿ ಅವರೇ ಹಾರಿರಬೇಕು ಎಂದು ಪೊಲೀಸರು ಬರೆದುಕೊಂಡಿದ್ದಾರೆ. ಛಾವಣಿಯ ಕ್ಯಾಮೆರಾ ತಿಮಿಂಗಿಲ ಎಣಿಸುವವರದಿರಬೇಕು, ಅದನ್ನು ನೋಡಲು ಯಾರಿಗೂ ಹೊಳೆದಿಲ್ಲ.

ಅವರ ಮಗಳು ಒಂದು ಪುಟ ಮಾಡಿದ್ದಾಳೆ. ಭವ್ಯ ಓದಿ ಕನ್ನಡದಲ್ಲಿ ಹೇಳಿದಳು. ಆ ದಿನ ಆ ದೋಣಿಯಲ್ಲಿ ಇದ್ದವರು ದಯವಿಟ್ಟು ಏನು ಕಂಡಿದ್ದರೂ ತಿಳಿಸಿ, ನಮ್ಮಪ್ಪ ಹಾಗೆ ಮಾಡುವವರಲ್ಲ. ಹತ್ತು ತಿಂಗಳಿನಿಂದ ಅದೇ ಮಾತನ್ನು ತಿಂಗಳಿಗೊಮ್ಮೆ ಹಾಕುತ್ತಿದ್ದಾಳೆ. ಯಾರೂ ಏನೂ ಕಂಡಿಲ್ಲ. ಎಲ್ಲರೂ ಬಲಗಡೆ ಇದ್ದರು.

ಹತ್ತು ತಿಂಗಳಾಗಿದೆ, ಇನ್ನು ಉಳಿಸುವುದು ಏನೂ ಇಲ್ಲ ಎಂದು ಗೊತ್ತಾದಾಗ ಮೊದಲು ಉಸಿರು ಹಗುರಾಯಿತು. ಅದಕ್ಕೆ ನಾಚಿಕೆಯಾಯಿತು.

ಜುಲೈ 2, ಬುಧವಾರ

ಯಾರೋ ಹಳೆಯ ಕಂತಿನ ವಿಡಿಯೋಗಳನ್ನು ಮತ್ತೆ ಮತ್ತೆ ತೆರೆದಿದ್ದಾರೆ, ಸಿಸ್ಟಮ್‌ನಲ್ಲಿ ಎಲ್ಲವೂ ಗೊತ್ತಾಗುತ್ತದೆ ಎಂದು ಕಿರಣಕುಮಾರ್ ಸರ್ ಬೆಳಗ್ಗೆ ಎಲ್ಲರಿಗೂ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ಇಡೀ ದಿನ ಬೆನ್ನು ಚುರುಗುಟ್ಟಿತು.

ಜುಲೈ 3, ಗುರುವಾರ

ನನಗೇಕೆ ಬೇಕು? ಆ ಊರು ಎಲ್ಲಿದೆ ಅನ್ನುವುದೂ ನನಗೆ ಸರಿಯಾಗಿ ಗೊತ್ತಿಲ್ಲ.

ಜುಲೈ 6, ಭಾನುವಾರ

ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಇವರೂ ಬಂದರು. ಆ ಮುದುಕರ ಮಗಳ ವಿಷಯ ಹೇಳಿದೆ. ಅಪ್ಪ ತಾನೇ ಹಾರಿದ ಅಂತ ಊರೆಲ್ಲ ಅನ್ನುತ್ತದಂತೆ, ಅವಳು ಹೇಗೆ ತಲೆಯೆತ್ತಿ ಓಡಾಡಬೇಕು ಎಂದೆ. ಇವರು ತಂತಿ ಹಿಡಿದು ನಿಂತೇ ಇದ್ದರು. ಆಮೇಲೆ ಅಲ್ಲೇ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಕೂತು ಶುರು ಮಾಡಿದರು. ನಿಲ್ಲಿಸಲಿಲ್ಲ.

ಮಾರ್ಚ್‌ನಲ್ಲಿ ಇವರ ಸೈಟಿನಲ್ಲಿ ರಾಮಣ್ಣ ಎಂಬವರು ಐದನೇ ಅಂತಸ್ತಿನಿಂದ ಬಿದ್ದು ಸತ್ತರು. ಯಾದಗಿರಿ ಕಡೆಯವರು. ಆಗ ನಾನು ಊರಿನಲ್ಲಿದ್ದೆ, ನನಗೆ ಇದೊಂದೂ ಗೊತ್ತಿಲ್ಲ. ನಿಲ್ಲುವ ಹಲಗೆಯನ್ನು ಹಗ್ಗದಿಂದ ಬಿಗಿದಿರಲಿಲ್ಲ. ಇವರು ಎರಡು ಮಾರು ದೂರದಲ್ಲಿದ್ದರು. ಹಲಗೆ ಜಾರಿದ್ದನ್ನು ಕಣ್ಣಾರೆ ಕಂಡರು. ಸಂಜೆ ಮೇಸ್ತ್ರಿ ಐದು ಜನರನ್ನು ಕರೆದು ಕೂಡಿಸಿದ. ರಾಮಣ್ಣ ಕುಡಿದು ಬಂದಿದ್ದ, ಬಾಯಿ ವಾಸನೆ ಬರುತ್ತಿತ್ತು ಅಂತ ಹೇಳಬೇಕು ಎಂದ. ಕುಡಿದು ಬಿದ್ದರೆ ಸೈಟಿನವರ ತಪ್ಪಿಲ್ಲ. ಐವರೂ ಹೇಳಿದರು. ಬರೆದುಕೊಂಡ ಪೊಲೀಸರ ಮುಂದೆ ಹೆಬ್ಬೆಟ್ಟು, ಸಹಿ ಎಲ್ಲವೂ ಆಯಿತು.

"ಅಂವ ಚಾ ಸುದ್ದಾ ಕುಡೀತಿದ್ದಿಲ್ಲ," ಎಂದರು ಇವರು. "ನಾನೂ ಹೂಂ ಅಂದೆ. ನೀ ನೋಡಿಲ್ಲ ಅಂದ್ಕೊ ಅಂದ ಮೇಸ್ತ್ರಿ. ನೋಡಿಲ್ಲ ಅಂದ್ಕೊಂಡೆ. ಆಗವಲ್ದು."

ಬಕೀಟಿನಲ್ಲಿ ಉಳಿದ ಬಟ್ಟೆ ಹಿಂಡಿ ಹಾಕಿದೆ. ಮದುವೆಯಾಗಿ ನಾಲ್ಕು ವರ್ಷ. ಇವರು ಅತ್ತದ್ದನ್ನು ಇವತ್ತಿನವರೆಗೆ ನಾನು ನೋಡಿರಲಿಲ್ಲ. ಇವರ ಬಗ್ಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹೆದರಿಕೆ. ಆ ಹಲಗೆಗಳ ಮೇಲೆಯೇ ಇವರು ನಾಳೆಯೂ ನಿಲ್ಲುತ್ತಾರೆ.

ಜುಲೈ 9, ಬುಧವಾರ

ಕೆ.ಆರ್. ಪುರಂ ಮೆಟ್ರೋ ನಿಲ್ದಾಣದ ಮೇಲ್ಸೇತುವೆಯ ಮೇಲೆ ನಿಂತು ಆ ಮಗಳ ಪುಟಕ್ಕೆ ಪತ್ರ ಕಳಿಸಿದೆವು. ಕೆಳಗೆ ಬಸ್ಸು, ಲಾರಿ, ರೈಲು ಎಲ್ಲ ಒಟ್ಟಿಗೆ ಹೋಗುತ್ತಿದ್ದವು. ಯಾರೋ ಹಿಂದೆ ನಿಂತು ಓದುತ್ತಿದ್ದಾರೆ ಅನ್ನಿಸಿ ನಾಲ್ಕು ಸಲ ತಿರುಗಿ ನೋಡಿದೆ. ನಾನು ಕನ್ನಡದಲ್ಲಿ ಹೇಳಿದೆ, ಭವ್ಯ ನನ್ನ ಫೋನಿನಲ್ಲಿ ಇಂಗ್ಲಿಷಿಗೆ ಇಳಿಸಿದಳು. ವಿಡಿಯೋ ನನ್ನ ಹತ್ತಿರ ಇಲ್ಲ, ತರಲು ಆಗುವುದೂ ಇಲ್ಲ. ಪರದೆಯ ಮೇಲಿದ್ದ ಅದರ ನಂಬರನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೇನೆ, ಇದು. ನಿಮ್ಮ ಪೊಲೀಸರಿಂದ ಕೇಳಿಸಿ. ಗೇಟು ತೆರೆದುಕೊಂಡಿತು. ನಿಮ್ಮ ತಂದೆ ಆಗ ತಿಮಿಂಗಿಲದ ಮರಿಯೊಂದನ್ನು ನೋಡುತ್ತಿದ್ದರು. ಬೀಳುವಾಗ ಅವರ ಕೈ ಎರಡು ಸಲ ಕಂಬಿಗಾಗಿ ಹಿಂದಕ್ಕೆ ಬಂತು. ನಾನು ಅದನ್ನು ಕಂಡೆ. ಮೊದಲು ತಪ್ಪಾಗಿ ಗುರುತಿಸಿದವಳೂ ನಾನೇ.

"ಅಕ್ಕಾ, ನನ್ ಹೆಸ್ರು ಬೇಡ," ಎಂದಳು ಭವ್ಯ. "ಅಪ್ಪಂಗೆ ವಾರಕ್ಕೆರಡು ಸಲ ಡಯಾಲಿಸಿಸ್. ಮನೇಲಿ ದುಡಿಯೋಳು ನಾನೊಬ್ಳೇ."

ನನ್ನದೊಂದೇ ಹೆಸರು ಹಾಕು ಎಂದೆ. ಪೂರ್ತಿ ಬರಿ, ಜಟ್ಟೆಮ್ಮ ಅಂತ.

ಕಳಿಸಿದ ಮೇಲೆ ಫೋನು ಆಫ್ ಮಾಡಿ ಚೀಲದ ತಳಕ್ಕೆ ತುರುಕಿದೆ. ಇಷ್ಟು ಪುಕ್ಕಲಿ ಇನ್ನೊಬ್ಬಳು ಇರಲಾರಳು.

ಜುಲೈ 11, ಶುಕ್ರವಾರ

ಉತ್ತರ ಬಂದಿದೆ. ಒಂದೇ ಸಾಲು. ಯಾವ ಕೈ ಎಂದು ಕೇಳಿದ್ದಾಳೆ.

ಬಲಗೈ ಎಂದು ಬರೆಸಿದೆ.

ಜುಲೈ 12, ಶನಿವಾರ

ಅವಳ ಅಪ್ಪನಿಗೆ ಬಲಭುಜ ಹಿಡಿದುಕೊಂಡಿತ್ತಂತೆ. ಎರಡು ವರ್ಷದಿಂದ ಆ ಕೈಯನ್ನು ಎದೆಗಿಂತ ಮೇಲೆ ಎತ್ತಿರಲಿಲ್ಲವಂತೆ. ಅಂಗಿ ಹಾಕಿಕೊಳ್ಳುವಾಗ ನೋವಿಗೆ ಕಿರುಚುತ್ತಿದ್ದರಂತೆ. ಆ ಕೈಯನ್ನು ಎರಡು ಸಲ ಎತ್ತಿದರೇ ಎಂದು ಬರೆದಿದ್ದಾಳೆ. ಮುಂದೆ ಏನೂ ಇಲ್ಲ.

ಇವರಿಗೂ ಹೇಳಿದೆ. ಇವರು ತಮ್ಮ ಬಲಗೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡರು.

ಜುಲೈ 17, ಗುರುವಾರ

ಇವತ್ತು ಮುಗಿಯಿತು.

ಹತ್ತೂವರೆಗೆ ಎಲ್ಲರನ್ನೂ ಕುರ್ಚಿ ಬಿಟ್ಟು ಏಳಿಸಿ ನಡುವೆ ನಿಲ್ಲಿಸಿದರು. ಆ ದೇಶದ ಪೊಲೀಸರು ನಂಬರು ಸಮೇತ ವಿಡಿಯೋ ಕೇಳಿದ್ದಾರಂತೆ, ತಿಳಿಸಿದವರ ಹೆಸರು ಹೇಳಿಲ್ಲವಂತೆ. ನಂಬರು ಗೊತ್ತಿರುವುದು ಈ ಮಹಡಿಯವರಿಗೆ ಮಾತ್ರ. ಯಾರು ಎಂದು ಕೇಳಿದರು. ಹಳೆಯ ವಿಡಿಯೋ ತೆರೆದ ಪಟ್ಟಿಯಲ್ಲಿ ಎರಡು ಕಂಪ್ಯೂಟರುಗಳಿವೆ, ಇಬ್ಬರೂ ತಾವಾಗಿ ಹೇಳಿದರೆ ಒಳ್ಳೆಯದು ಎಂದರು. ಭವ್ಯಳ ತುಟಿ ಬೆಳ್ಳಗಾಗಿತ್ತು. ಮೇಜು ಹಿಡಿದುಕೊಂಡೆ.

"ನಾನು ಸರ್," ಎಂದೆ. "ಎರಡೂ ಕಂಪ್ಯೂಟರು ನಾನೇ ತೆರೆದಿದ್ದು. ಭವ್ಯ ಊಟಕ್ಕೆ ಹೋದಾಗ ಅವಳದ್ದರಲ್ಲೂ ನೋಡಿದೆ."

ಕಿರಣಕುಮಾರ್ ಸರ್ ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು. ಬಯ್ಯುತ್ತಾರೆ ಎಂದುಕೊಂಡೆ. ಅವರು ಕೂರಲೂ ಇಲ್ಲ. ಧ್ವನಿ ತಗ್ಗಿಸಿ ಕೇಳಿದರು: "ಅದು ಬುರುಡೆ ಅಂತ ನಾನು ಹೇಳಿದ್ನಲ್ಲ, ಅದನ್ನೂ ಬರೆದಿದ್ದೀರಾ?"

ಇಲ್ಲ ಸರ್, ನಾನು ತಪ್ಪಾಗಿ ಗುರುತಿಸಿದೆ ಅಂತಲೇ ಬರೆದಿದ್ದೇನೆ ಎಂದೆ. ಆಗ ಕೂತರು. ಹಣೆ ಒರೆಸಿಕೊಂಡರು. ಅವರಿಗೂ ಹೆದರಿಕೆ ಇರುತ್ತದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಕೊರಳಿನ ಕಾರ್ಡು ಬಿಚ್ಚಿ ಮೇಜಿನ ಮೇಲಿಟ್ಟೆ. ಕಾಗದ ಮನೆಗೆ ಬರುತ್ತದೆ ಎಂದರು. ಎಂಥ ಕಾಗದ ಎಂದು ಕೇಳದೆ ಲಾಕರಿನಿಂದ ಫೋನು ತೆಗೆದುಕೊಂಡು ಮೆಟ್ಟಿಲಿಳಿದೆ.

ಜುಲೈ 21, ಸೋಮವಾರ

ಬಾಗಿಲ ಮುಂದೆ ಬೈಕು ನಿಂತರೆ ಸಾಕು, ಒಲೆಯ ಮೇಲಿನದ್ದು ಬಿಟ್ಟು ಕಿಟಕಿಗೆ ಹೋಗುತ್ತೇನೆ. ಕೊರಿಯರಿನವನು ಮೂರು ಸಲ ಬಂದ. ಮೂರು ಸಲವೂ ಮೇಲಿನ ಮನೆಗೆ.

ಕಣ್ಣು ಮುಚ್ಚಿದರೆ ಇನ್ನೂ ಸೀಸದ ಬಣ್ಣದ ನೀರು.

ಜುಲೈ 26, ಶನಿವಾರ

ಕಾಗದ ಬಂತು. ಒಂದು ಪುಟ. ಭವ್ಯ ಮೆಟ್ರೋ ಇಳಿದು ಬಂದು ಓದಿ ಹೇಳಿದಳು. ಕೆಲಸದಿಂದ ತೆಗೆದಿದ್ದಾರೆ. ನಾನು ಮಾಡಿದ ಸಹಿಯನ್ನು ನೆನಪಿಸಿದ್ದಾರೆ. ಸದ್ಯಕ್ಕೆ ಕಾನೂನಿನ ಕ್ರಮ ಇಲ್ಲ. ಇಷ್ಟೇ ಅಲ್ಲವಾ ಅಕ್ಕ, ಮುಗಿಯಿತಲ್ಲ ಎಂದಳು ಅವಳು. 'ಸದ್ಯಕ್ಕೆ' ಎಂಬ ಪದವನ್ನು ಅವಳಿಂದ ಇನ್ನೊಮ್ಮೆ ಓದಿಸಿದೆ.

ಆ ಮಗಳಿಂದ ಇನ್ನೊಂದು ಪತ್ರ ಬಂದಿದೆ. 'ತಾನೇ ಹಾರಿರಬೇಕು' ಎಂಬುದನ್ನು ಪೊಲೀಸರು ಹೊಡೆದುಹಾಕಿದ್ದಾರೆ, ಆಕಸ್ಮಿಕ ಎಂದು ಬರೆದಿದ್ದಾರೆ. ದೋಣಿಯವರನ್ನು ವಿಚಾರಣೆಗೆ ಕರೆದಿದ್ದಾರೆ. ಅವಳು ಆ ಏಳು ಚಿತ್ರಗಳನ್ನು ನೋಡಿದಳಂತೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಅವಕ್ಕೂ ಹಿಂದಿನ ಚಿತ್ರವನ್ನು. ಅಪ್ಪ ಮರಿಯನ್ನು ನೋಡುತ್ತಾ ನಿಂತದ್ದನ್ನು.

ರಾತ್ರಿ ಊಟವಾದ ಮೇಲೆ ಇವರು ಕೇಳಿದರು: "ರಾಮಣ್ಣನ ಹೇಣ್ತಿ ವಿಮಾನಪುರದಾಗ ಇರ್ತಾಳಂತ. ನೀ ಬರ್ತೀಯೇನು ನನ್ನ ಕೂಡ?"

ಮೇಸ್ತ್ರಿಗೆ ಗೊತ್ತಾದರೆ ಎಂದು ಮೊದಲು ನಾನೇ ಕೇಳಿದೆ. ಕೇಳಬಾರದಿತ್ತು. ಆಮೇಲೆ ಹೋಗೋಣ ಎಂದೆ.

ಆಗಸ್ಟ್ 3, ಭಾನುವಾರ

ಹೋಗಿ ಬಂದೆವು. ಈಗ ಸಂಜೆ ಆರು ಗಂಟೆ. ಮರೆಯುವ ಮೊದಲು ಬರೆಯುತ್ತೇನೆ.

ವಿಮಾನಪುರದ ಹಿಂದಿನ ಸಂದಿನಲ್ಲಿ ಶೀಟಿನ ಮನೆಗಳ ಸಾಲು. ಲಕ್ಷ್ಮಿದೇವಿ ಅವರು ನನಗಿಂತ ಐದಾರು ವರ್ಷ ದೊಡ್ಡವರು. ಎರಡು ಮನೆಗಳಲ್ಲಿ ಪಾತ್ರೆ ಬಟ್ಟೆ ಮಾಡುತ್ತಾರೆ. ಇವರನ್ನು ಕಂಡ ಕೂಡಲೇ ಗುರುತು ಹಿಡಿದರು, ಮಣ್ಣು ಮಾಡುವ ದಿನ ನೋಡಿದ್ದರಂತೆ. ಚಾಪೆ ಹಾಸಿ ನೀರು ಕೊಟ್ಟರು. ಊರಿನ ಮಳೆ, ಜೋಳ ಎಂದು ಅವರೇ ಏನೇನೋ ಕೇಳಿದರು. ಇವರು ತಲೆಯೆತ್ತಲಿಲ್ಲ. ಚೊಂಬನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದರು. ಎದ್ದು ಬಂದುಬಿಡುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು. ನನಗೂ ಹಾಗೇ ಎದ್ದು ಬರುವ ಮನಸ್ಸಿತ್ತು. ಆಗ ತಲೆಯ ಮೇಲೆ ವಿಮಾನವೊಂದು ಹಾದುಹೋಯಿತು. ಶೀಟು ಗಡಗಡ ಅಂದಿತು.

ಸದ್ದು ಅಡಗಿದ ಮೇಲೆ ಅವರೇ ಕೇಳಿದರು. "ನೀವು ಅವತ್ತ ಅಲ್ಲೇ ಇದ್ರಂತಲ್ಲ?"

ಇವರು ನನ್ನ ಕಡೆ ನೋಡಿದರು.

"ಇದ್ದೆ ಅಕ್ಕ. ರಾಮಣ್ಣ ಕುಡಿದಿದ್ದಿಲ್ರಿ. ಹಲಗಿ ಬಿಗಿದಿದ್ದಿಲ್ಲ, ಜಾರ್ತು. ನಾ ನೋಡೀನಿ. ನೋಡಿ ಸುಳ್ಳ ಹೇಳೀನಿ."

ಅವರು ಬಯ್ಯುತ್ತಾರೆ, ಅಳುತ್ತಾರೆ, ಹೊರಗೆ ಹೋಗಿರಿ ಅನ್ನುತ್ತಾರೆ ಎಂದು ಕಾದೆ. ಏನೂ ಆಗಲಿಲ್ಲ. ಎದ್ದು ಬಾಗಿಲಿಗೆ ಹೋಗಿ "ಕಾವೇರಿ" ಎಂದು ಕರೆದರು. ಸಂದಿನಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಮಗಳು ಬಂದಳು. ಒಂಬತ್ತೋ ಹತ್ತೋ ವರ್ಷ, ಮೊಣಕಾಲ ತುಂಬ ಸುಣ್ಣದ ಪುಡಿ. ಅವಳನ್ನು ಇವರ ಎದುರಿಗೇ ಚಾಪೆಯ ಮೇಲೆ ಕೂರಿಸಿದರು.

"ಈಗ ಹೇಳಿದ್ದನ್ನ ಇನ್ನೊಮ್ಮೆ ಹೇಳ್ರಿ," ಎಂದರು. "ಸಾಲ್ಯಾಗ ಇಕಿಗೆ ಕುಡುಕನ ಮಗಳು ಅಂತಾರ."

ಇವರು ಚೊಂಬನ್ನು ಕೆಳಗಿಟ್ಟರು. ಆ ಹುಡುಗಿಯ ಮುಖ ನೋಡಿಕೊಂಡು, ಒಂದೊಂದೇ ಮಾತು ನಿಲ್ಲಿಸಿ ನಿಲ್ಲಿಸಿ, ಮತ್ತೆ ಎಲ್ಲ ಹೇಳಿದರು. ನಿಮ್ಮಪ್ಪ ಕುಡಿದಿದ್ದಿಲ್ಲವ್ವ ಎಂದರು. ಹಲಗೆಯ ವಿಷಯ ಹೇಳಿದರು. ತಾವು ಸುಳ್ಳು ಹೇಳಿದ್ದನ್ನೂ ಹೇಳಿದರು.

ಹುಡುಗಿ ಕೇಳಿಸಿಕೊಂಡಳು. ತಾಯಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಇವರನ್ನು ಕೇಳಿದಳು: "ಇದನ್ನ ನಮ್ಮ ಸಾಲಿಗೆ ಬಂದು ಹೇಳ್ತೀರೇನು?"

ಶಾಲೆಯಲ್ಲಿ ಹೇಳಿದರೆ ಊರಿಗೇ ಹೇಳಿದಂತೆ. ಸೈಟಿನವರ ಮಕ್ಕಳೂ ಅಲ್ಲೇ ಓದುತ್ತಾರೆ. ಸಂಜೆಯೊಳಗೆ ಮೇಸ್ತ್ರಿಗೆ ತಲುಪುತ್ತದೆ. ಆಮೇಲೆ ಕೆಲಸವಿಲ್ಲ, ಇನ್ನೇನು ಆಗುತ್ತದೋ ಅದೂ ಗೊತ್ತಿಲ್ಲ. ಇವೆಲ್ಲ ಇವರ ಮುಖದಲ್ಲೂ ಓಡಿದ್ದನ್ನು ನಾನು ಕಂಡೆ.

"ಬರ್ತೀನವ್ವ," ಎಂದರು.

"ಯಾವತ್ತು?"

"ನಾಳೆ."

ಮನೆಗೆ ಬಂದವರೇ ಇವರು ಪೆಟ್ಟಿಗೆಯಿಂದ ಮದುವೆಯ ಬಿಳಿ ಅಂಗಿ ತೆಗೆದರು. ನಮ್ಮಲ್ಲಿ ಇಸ್ತ್ರಿಪೆಟ್ಟಿಗೆ ಇಲ್ಲ. ಸ್ಟೀಲಿನ ತಂಬಿಗೆಯಲ್ಲಿ ಕುದಿಯುವ ನೀರು ತುಂಬಿ, ಬಟ್ಟೆಯಿಂದ ಹಿಡಿದು, ನೆಲದ ಮೇಲೆ ಹಾಸಿದ ಅಂಗಿಯ ಮೇಲೆ ಒತ್ತುತ್ತಿದ್ದಾರೆ. ನೀರು ತುಳುಕುತ್ತಿದೆ. ಆಗಲೇ ಎರಡು ಸಲ ಕೈ ಸುಟ್ಟುಕೊಂಡಿದ್ದಾರೆ. ನಾನು ಮಾಡಿಕೊಡುತ್ತೇನೆ ಎಂದರೂ ಕೊಡಲಿಲ್ಲ.

ಶಾಲೆ ಒಂಬತ್ತೂವರೆಗೆ. ಎಂಟಕ್ಕೆ ಹೊರಡಬೇಕು. ನಾನೂ ಹೋಗುತ್ತೇನೆ. ನೀರು ಆರಿದೆಯಂತೆ, ಇನ್ನೊಮ್ಮೆ ಕಾಯಿಸಿಕೊಡಬೇಕು.